ಬಂದರಿನ ನಕ್ಷೆಯಲ್ಲಿ ಮೀನು ಒಣಗಿಸುವ ಜಾಗ ಎಲ್ಲಿದೆ?

ಚಿತ್ರದುರ್ಗ, ಗದಗ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಯಂತ್ರದ ಒಂದೇ ಒಂದು ರೆಕ್ಕೆ ಹೊತ್ತ ಟ್ರೇಲರ್ ಊರು ದಾಟುವಾಗ ಏನಾಗುತ್ತದೆ ಎಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಮುಂದೊಂದು ಜೀಪು, ಹಿಂದೊಂದು ಜೀಪು. ತಿರುವು ಬಂದರೆ ಎರಡೂ ಕಡೆಯ ಬಸ್ಸುಗಳು ನಿಂತಲ್ಲೇ ನಿಲ್ಲುತ್ತವೆ. ತಂತಿ ಅಡ್ಡ ಬಂದರೆ ಒಬ್ಬ ಹುಡುಗ ಉದ್ದನೆಯ ಕೋಲು ಹಿಡಿದು ಎತ್ತುತ್ತಾನೆ. ರಸ್ತೆ ಬದಿಯವರೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ.

ಅದು ನೆಲದ ಮೇಲೆ ನಿಲ್ಲುವ ಯಂತ್ರದ ರೆಕ್ಕೆ. ಈಗ ಕಡಲ ನಡುವೆ ನಿಲ್ಲಿಸುತ್ತಿರುವ ಯಂತ್ರಗಳ ರೆಕ್ಕೆ ನೂರು ಮೀಟರ್ ದಾಟಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲಲ್ಲಿ ನಿಲ್ಲಿಸಿದ 13 ಮೆಗಾವಾಟ್ ಯಂತ್ರದ ಒಂದೊಂದು ರೆಕ್ಕೆ 107 ಮೀಟರ್. ನಮ್ಮ ಸಾರಿಗೆ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಒಂಬತ್ತು ಬಸ್ಸಿನಷ್ಟು ಉದ್ದ. ಇದನ್ನು ಯಾವ ಘಟ್ಟದಲ್ಲೂ, ಯಾವ ಹೆದ್ದಾರಿಯಲ್ಲೂ ತಿರುಗಿಸಲಾಗದು. ಕಡಲಂಚಿನಲ್ಲೇ ತಯಾರಾಗಬೇಕು, ಇಲ್ಲವೇ ಹಡಗಿನಲ್ಲಿ ಬಂದು ಹಡಗಿನಲ್ಲೇ ಹೋಗಬೇಕು. ಆದ್ದರಿಂದ ಕಡಲ ಗಾಳಿಯಿಂದ ಕರೆಂಟು ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಬಂದರು ಎಲ್ಲಿ?

ಈ ಪ್ರಶ್ನೆಯನ್ನು ಕಂಪನಿಗಳು ಕೇಳಿಕೊಂಡಿವೆ, ಸರ್ಕಾರ ಕೇಳಿಕೊಂಡಿದೆ. ಕಡಲಂಚಿನಲ್ಲಿ ಬದುಕುವವರನ್ನು ಮಾತ್ರ ಯಾರೂ ಕೇಳಿಲ್ಲ. ಕೇಳಿಸಬೇಕಾದವರು ನಾವು, ಜಿಲ್ಲಾ ವರದಿಗಾರರು. ನಾವೂ ಕೇಳಿಸಿಲ್ಲ. ಈ ಬರಹದಲ್ಲಿ ಜಗಳ ಸರ್ಕಾರದೊಂದಿಗೆ ಎಷ್ಟಿದೆಯೋ ನಮ್ಮೊಂದಿಗೂ ಅಷ್ಟೇ ಇದೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ನಾವು ಗಾಳಿಯಂತ್ರದ ವಿರೋಧಿಗಳಲ್ಲ. ಹವಾಮಾನ ಕೆಡುತ್ತಿರುವುದರ ಏಟು ಮೊದಲು ಬೀಳುವುದು ದೋಣಿಯ ಮೇಲೆ. 2017ರ ಒಖಿ ಚಂಡಮಾರುತದಲ್ಲಿ ಕನ್ಯಾಕುಮಾರಿ ಮತ್ತು ಕೇರಳದ ಎಷ್ಟು ಮೀನುಗಾರರು ಮನೆಗೆ ಮರಳಲಿಲ್ಲ ಎಂಬುದು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು, ಗಾಳಿಯ ವಿದ್ಯುತ್ ಬರಬೇಕು. ಆದರೆ ಹೆಸರಿನ ಮುಂದೆ ‘ಹಸಿರು’ ಎಂದು ಬರೆದ ಕೂಡಲೇ ಬಂದರು ಬಂದರಾಗದೆ ಇರುವುದಿಲ್ಲ. ಹೂಳೆತ್ತುವ ಯಂತ್ರಕ್ಕೆ ತಾನು ಕಲ್ಲಿದ್ದಲಿಗಾಗಿ ಅಗೆಯುತ್ತಿದ್ದೇನೋ ಗಾಳಿಗಾಗಿ ಅಗೆಯುತ್ತಿದ್ದೇನೋ ಗೊತ್ತಿರುವುದಿಲ್ಲ. ಮೀನಿಗೂ ಗೊತ್ತಿರುವುದಿಲ್ಲ.

ಇಂಥ ಬಂದರಿಗೆ ಏನೇನು ಬೇಕು ಎಂಬುದನ್ನು ಸ್ವಲ್ಪ ನೋಡಿ. ಗಾಳಿಯಂತ್ರದ ಬುಡಕ್ಕೆ ಕಡಲ ತಳದಲ್ಲಿ ಹೊಡೆಯುವ ಉಕ್ಕಿನ ಕೊಳವೆ ಒಂದೊಂದೂ ಸಾವಿರ ಟನ್ನಿಗೂ ಹೆಚ್ಚು ತೂಗುತ್ತದೆ. ಅದನ್ನು ಎತ್ತಿ ಇಡಲು ಮಾಮೂಲಿ ಧಕ್ಕೆ ಸಾಲದು, ನೆಲ ಕುಸಿಯುತ್ತದೆ. ಹೊಸದಾಗಿ ಗಟ್ಟಿ ಮಾಡಬೇಕು. ಕಂಬಗಳನ್ನು ಬಂದರಿನಲ್ಲೇ ಜೋಡಿಸಿ, ನಿಲ್ಲಿಸಿಕೊಂಡೇ ಹಡಗಿನಲ್ಲಿ ಒಯ್ಯುತ್ತಾರೆ. ಹಾಗಾಗಿ ದಾರಿಯಲ್ಲಿ ಸೇತುವೆ, ತಂತಿ ಏನೂ ಇರಬಾರದು. ರೆಕ್ಕೆಗಳನ್ನು ಸಾಲಾಗಿ ಮಲಗಿಸಿಡಲು ಹತ್ತಾರು ಎಕರೆ ಬಯಲು ಬೇಕು. ನಾಲ್ಕು ಕಾಲು ಕಡಲ ತಳಕ್ಕೆ ಊರಿ ನಿಲ್ಲುವ ದೊಡ್ಡ ಹಡಗು ಬರಬೇಕಾದರೆ ಆಳದ ಕಾಲುವೆ ಬೇಕು, ಅಂದರೆ ಹೂಳೆತ್ತಬೇಕು, ಎತ್ತಿದ ಹೂಳನ್ನು ಎಲ್ಲಾದರೂ ಸುರಿಯಬೇಕು. ಅಲೆ ತಡೆಯಲು ಕಲ್ಲಿನ ಗೋಡೆ. ಯಂತ್ರದಿಂದ ದಡಕ್ಕೆ ಬರುವ ಕೇಬಲ್ಲು ಎಲ್ಲೋ ಒಂದು ಊರಿನ ಮರಳನ್ನು ಸೀಳಿಕೊಂಡು ಮೇಲೆ ಬರಬೇಕು. ಅಲ್ಲಿಂದ ಉಪಕೇಂದ್ರ, ಅಲ್ಲಿಂದ ಟವರ್ ಸಾಲು. ಟವರ್ ಸಾಲು ಹೊಲದ ಮೇಲೆ ಹಾಯುವುದೆಂದರೆ ಏನು ಎಂದು ಗದಗದ ರೈತರು ಕರಾವಳಿಯವರಿಗೆ ಒಂದು ದಿನ ಪಾಠ ಮಾಡಬಹುದು.

ಇದಿಷ್ಟೂ ಕಡಲಲ್ಲಿ ಒಂದೇ ಒಂದು ರೆಕ್ಕೆ ತಿರುಗುವ ಮೊದಲು ಆಗಬೇಕಾದ ಕೆಲಸ. ಇದಿಷ್ಟೂ ಆಗುವುದು ದೋಣಿ ಎಳೆಯುವ, ಬಲೆ ನೇಯುವ, ಮೀನು ಒಣಗಿಸುವ ಅದೇ ಪಟ್ಟಿಯಲ್ಲಿ.

ನಮ್ಮ ದೇಶದಲ್ಲಿ ಇದು ಎಲ್ಲಿಗೆ ಬಂದಿದೆ? 2015ರ ಅಕ್ಟೋಬರಿನಲ್ಲಿ ಕಡಲ ಗಾಳಿ ವಿದ್ಯುತ್ತಿಗೆ ರಾಷ್ಟ್ರೀಯ ನೀತಿ ಬಂತು. 2018ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 1,000 ಮೆಗಾವಾಟ್ ಯೋಜನೆಗೆ ಆಸಕ್ತರನ್ನು ಕರೆದರು. 2030ರೊಳಗೆ 30,000 ಮೆಗಾವಾಟ್ ಎಂಬ ಗುರಿಯನ್ನೂ ಅದೇ ವರ್ಷ ಇಟ್ಟರು. ನೀತಿ ಬಂದು ಹತ್ತು ವರ್ಷವಾದರೂ ನಮ್ಮ ಕಡಲಲ್ಲಿ ಮನೆಗಳಿಗೆ ಕರೆಂಟು ಕೊಡುವ ಒಂದು ಯಂತ್ರವೂ ಎದ್ದಿರಲಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 6,853 ಕೋಟಿ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಯಂತ್ರಗಳಿಗೆ. ಉಳಿದ 600 ಕೋಟಿ ಎರಡು ಬಂದರುಗಳನ್ನು ಈ ಕೆಲಸಕ್ಕೆ ತಕ್ಕಂತೆ ಮೇಲ್ದರ್ಜೆಗೆ ಏರಿಸಲು.

ಆ ಸುದ್ದಿ ಬಂದ ದಿನ ನಮ್ಮಂಥವರು ಏನು ಮಾಡಿದೆವು? ಕೋಟಿಯ ಅಂಕಿ ಎತ್ತಿ ತಲೆಬರಹ ಮಾಡಿದೆವು. ಯಂತ್ರಕ್ಕೆ ಇಷ್ಟು, ಬಂದರಿಗೆ ಇಷ್ಟು. ಆ ಬಂದರಿನ ಪಕ್ಕದ ಮೀನುಧಕ್ಕೆಗೆ ಎಷ್ಟು ಎಂದು ಕೇಳುವ ಒಂದು ಸಾಲು ನಮ್ಮ ಯಾವ ವರದಿಯಲ್ಲೂ ಇರಲಿಲ್ಲ. ಪತ್ರಿಕಾ ಪ್ರಕಟಣೆ ವಾಟ್ಸ್ಆ್ಯಪಿಗೆ ಬರುತ್ತದೆ, ಕನ್ನಡ ಮಾಡಿ ಕಳಿಸುತ್ತೇವೆ. ಸುದ್ದಿಗೆ ಇಷ್ಟೆಂದು ಕೂಲಿ ಎಣಿಸಿಕೊಳ್ಳುವ ನಮಗೆ ಧಕ್ಕೆಗೆ ಹೋಗಿ ಬರುವ ಪೆಟ್ರೋಲ್ ಖರ್ಚು ಹುಟ್ಟುವುದಿಲ್ಲ. ಇದು ಕಾರಣ ಹೌದು, ಸಮರ್ಥನೆ ಅಲ್ಲ.

ತಮಿಳುನಾಡಿನ ಜಾಗ ಯಾವುದು ಗೊತ್ತೇ? ಧನುಷ್ಕೋಡಿಯಿಂದ ಕನ್ಯಾಕುಮಾರಿಯವರೆಗಿನ ಮನ್ನಾರ್ ಕೊಲ್ಲಿ. ದೇಶದಲ್ಲೇ ಚೆನ್ನಾಗಿ ಗಾಳಿ ಬೀಸುವ ಕಡಲು ಎಂಬುದು ನಿಜ. ಅಲ್ಲೇ 21 ದ್ವೀಪಗಳ ಕಡಲ ರಾಷ್ಟ್ರೀಯ ಉದ್ಯಾನವಿದೆ, 1986ರಲ್ಲಿ ಘೋಷಣೆಯಾದದ್ದು. ಹವಳದ ದಿಬ್ಬ, ಕಡಲ ಹುಲ್ಲು, ಆ ಹುಲ್ಲು ಮೇಯುವ ಕಡಲಹಸು. ಕಡಲ ಪಾಚಿ ಕಿತ್ತು ಬದುಕುವ ರಾಮನಾಥಪುರದ ಹೆಂಗಸರು, ಶಂಖಕ್ಕೆ ಮುಳುಗುವ ಗಂಡಸರು. ಒಂದು ಕಡೆ ಉದ್ಯಾನದ ಗಡಿ, ಇನ್ನೊಂದು ಕಡೆ ಶ್ರೀಲಂಕಾದ ಗಡಿ. ಇವೆರಡರ ನಡುವೆ ಉಳಿದ ನೀರಿನಲ್ಲಿ ಅವರ ಬದುಕು. ಆ ಉಳಿದ ನೀರಿಗೆ ಈಗ ಯಂತ್ರದ ಸಾಲು ಬರಬೇಕು.

ಬಂದರು ತೂತ್ತುಕುಡಿ. ಅಂದರೆ ವಿ.ಒ. ಚಿದಂಬರನಾರ್ ಬಂದರು. 1974ರಲ್ಲಿ ದೊಡ್ಡ ಬಂದರು ಎಂದು ಘೋಷಣೆಯಾಯಿತು. ಪಕ್ಕದಲ್ಲೇ ಕಲ್ಲಿದ್ದಲಿನ ಉಷ್ಣ ವಿದ್ಯುತ್ ಸ್ಥಾವರ. ಅದೇ ಬಂದರಿನಿಂದ ಈಗಾಗಲೇ ನೆಲದ ಗಾಳಿಯಂತ್ರದ ರೆಕ್ಕೆಗಳು ಹಡಗೇರಿ ಹೊರದೇಶಕ್ಕೆ ಹೋಗುತ್ತಿವೆ. ಇರುವ ಬಂದರನ್ನೇ ಬಳಸುತ್ತಾರೆ ಎನ್ನುವ ಮಟ್ಟಿಗೆ ಇದು ಸರಿಯಾದ ಆಯ್ಕೆ, ಒಪ್ಪುತ್ತೇವೆ. ಹೊಸ ಮರಳು, ಹೊಸ ಅಳಿವೆ ಕೆಡಿಸುವುದಕ್ಕಿಂತ ಕಟ್ಟಿದ ಬಂದರಿನ ಒಳಗೆ ಜಾಗ ಹೊಂದಿಸುವುದು ಸಾವಿರ ಪಾಲು ಮೇಲು. ಆದರೆ ಬಂದರಿನ ಗೇಟಿನ ಒಳಗೆ ಆಗುವ ಕೆಲಸದ ಪರಿಣಾಮ ಗೇಟಿನ ಒಳಗೇ ನಿಲ್ಲುವುದಿಲ್ಲ. ದೊಡ್ಡ ಹಡಗು ಓಡಾಡುವ ದಾರಿಯಲ್ಲಿ ಬಲೆ ಬಿಡುವಂತಿಲ್ಲ. ಕೆಲಸ ನಡೆಯುವಾಗ ಯಂತ್ರದ ಸುತ್ತ ದೋಣಿ ಸುಳಿಯುವಂತಿಲ್ಲ. ಬ್ರಿಟನ್ನಿನಲ್ಲಿ ಈ ಅಂತರ 500 ಮೀಟರ್. ಬೆಲ್ಜಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಾಳಿಯಂತ್ರದ ವಲಯಕ್ಕೇ ಮೀನುಗಾರಿಕೆ ಮುಚ್ಚಿದೆ.

ಇನ್ನೊಂದು ಸಂಗತಿ ಕಚೇರಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ, ಧಕ್ಕೆಯ ಹುಡುಗನಿಗೆ ಹೊಳೆಯುತ್ತದೆ. ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ, ತಮಿಳುನಾಡಿನ ಪೂರ್ವ ತೀರದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಂತ್ರದ ಬೋಟುಗಳಿಗೆ 61 ದಿನ ನಿಷೇಧ. ಅದರಾಚೆಗೆ ಗಾಳಿ, ತುಫಾನು ಎಂದು ಕಳೆದು ಉಳಿಯುವ ಶಾಂತ ಕಡಲಿನ ದಿನಗಳೇ ಮೀನುಗಾರನ ವರ್ಷದ ಗಳಿಕೆ. ಸಾವಿರ ಟನ್ನಿನ ಕೊಳವೆ ನೆಡುವ ಹಡಗಿಗೂ ಬೇಕಾದದ್ದು ಅದೇ ಶಾಂತ ಕಡಲು. ದಿನಕ್ಕೆ ಕೋಟಿಯ ಲೆಕ್ಕದಲ್ಲಿ ಬಾಡಿಗೆ ಬೀಳುವ ಹಡಗು ಒಂದು ಕಡೆ, ಸಾಲ ಮಾಡಿ ಡೀಸೆಲ್ ತುಂಬಿಸಿದ ಬೋಟು ಒಂದು ಕಡೆ. ದಾರಿ ಯಾರಿಗೆ ಬಿಡುತ್ತಾರೆ ಎಂದು ಊಹಿಸಲು ಡಿಪ್ಲೊಮಾ ಬೇಕಾಗಿಲ್ಲ.

ಗುಜರಾತಿನ ಕತೆಯೂ ಹತ್ತಿರ ಹತ್ತಿರ ಇದೇ. ಪೀಪಾವಾವ್ ಬಂದರಿನಿಂದ ಸುಮಾರು 23 ಕಿಲೋಮೀಟರ್ ಆಚೆ 2017ರಲ್ಲೇ ಗಾಳಿ ಅಳೆಯುವ ಲೈಡಾರ್ ನಿಲ್ಲಿಸಿದರು. ಅದರ ಪಕ್ಕದ ಜಾಫ್ರಾಬಾದ್ ಬೊಂಬಿಲ್ ಮೀನಿಗೆ ಹೆಸರಾದ ಊರು. ಕಂಬ ಕಟ್ಟಿ ಸಾಲುಸಾಲಾಗಿ ಮೀನು ನೇತು ಹಾಕಿ ಒಣಗಿಸುತ್ತಾರೆ. ಗಾಳಿ ಅಲ್ಲಿ ಬಹಳ ಕಾಲದಿಂದ ದುಡಿಯುತ್ತಿದೆ.

ಇಂಥ ಮಾತಾಡಿದರೆ ತಕ್ಷಣ ಒಂದು ಉತ್ತರ ಬರುತ್ತದೆ: ಯುರೋಪಿನಲ್ಲಿ ನೋಡಿ, ಮೀನುಗಾರರ ಊರುಗಳೇ ಗಾಳಿಯಿಂದ ಉದ್ಧಾರವಾಗಿವೆ. ಸರಿ, ನೋಡೋಣ. ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಘಟಕ ಡೆನ್ಮಾರ್ಕಿನ ವಿಂಡೆಬೈ. 1991ರಲ್ಲಿ 11 ಸಣ್ಣ ಯಂತ್ರಗಳು, ಒಂದೊಂದೂ 450 ಕಿಲೋವಾಟ್. 2017ರಲ್ಲಿ ಕಳಚಿದರು. ಅದೇ ದೇಶದ ಎಸ್ಬಿಯೆರ್ಗ್ ಬಂದರು ಈಗ ಈ ಕೆಲಸಕ್ಕೆ ಹೆಸರಾಗಿದೆ. 1868ರಲ್ಲಿ ಕಟ್ಟಲು ತೀರ್ಮಾನಿಸಿದ ಬಂದರು, ಮೊದಲು ಮೀನು, ಆಮೇಲೆ ತೈಲ, ಆಮೇಲೆ ಗಾಳಿ. ಇಂಗ್ಲೆಂಡಿನ ಹಲ್ ಕೂಡ ಹಾಗೆಯೇ. ಐಸ್‌ಲ್ಯಾಂಡ್ ಜತೆಗಿನ ಮೀನಿನ ಜಗಳ 1976ರಲ್ಲಿ ಮುಗಿದ ಮೇಲೆ ಆ ಊರಿನ ಆಳಕಡಲ ಮೀನುಗಾರಿಕೆ ಕುಸಿಯಿತು. ನಲವತ್ತು ವರ್ಷದ ನಂತರ, 2016ರಲ್ಲಿ, ಅಲ್ಲಿನ ಹಳೆಯ ಡಾಕ್‌ನಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಶುರುವಾಯಿತು.

ವ್ಯತ್ಯಾಸ ಕಂಡಿತೇ? ಅಲ್ಲಿ ಮೀನಿನ ಕಸುಬು ಬಡವಾಗಿ ಧಕ್ಕೆ ಖಾಲಿ ಬಿದ್ದ ಮೇಲೆ ಗಾಳಿ ಬಂತು. ನಮ್ಮಲ್ಲಿ ಧಕ್ಕೆ ತುಂಬಿದೆ. ಮಲ್ಪೆಗೋ ತದಡಿಗೋ ಬೆಳಗಿನ ಜಾವ ಐದಕ್ಕೆ ಹೋಗಿ ನಿಂತು ನೋಡಿ, ಕಾಲಿಡಲು ಜಾಗ ಇರುವುದಿಲ್ಲ. ತೂತ್ತುಕುಡಿಯಲ್ಲೂ ಅಷ್ಟೇ. ಖಾಲಿ ಮನೆಗೆ ಬಾಡಿಗೆದಾರ ಬರುವುದೂ, ಸಂಸಾರ ಇರುವ ಮನೆಗೆ ಬಾಡಿಗೆದಾರನನ್ನು ನುಗ್ಗಿಸುವುದೂ ಒಂದೇ ಎನ್ನುವವರಿಗೆ ಏನು ಹೇಳುವುದು?

ಹೋಲಿಕೆ ಬೇಕೇಬೇಕೆಂದರೆ ಅಮೆರಿಕದ ನ್ಯೂ ಬೆಡ್‌ಫರ್ಡ್ ನೋಡಬೇಕು. ಅದು ಈಗಲೂ ಮೀನುಗಾರರ ಊರು. ಚಿಪ್ಪಿನ ಮೀನಿನ ವ್ಯಾಪಾರದಿಂದಾಗಿ ಹಿಡಿದ ಮೀನಿನ ಬೆಲೆಯ ಲೆಕ್ಕದಲ್ಲಿ ವರ್ಷಗಳ ಕಾಲ ಆ ದೇಶದ ಮೊದಲ ಬಂದರು. ಅಲ್ಲಿ ಕಡಲ ಗಾಳಿಗೆಂದೇ 29 ಎಕರೆಯ ಗಟ್ಟಿ ಧಕ್ಕೆಯೊಂದನ್ನು 2015ರ ಹೊತ್ತಿಗೆ ಕಟ್ಟಿ ಮುಗಿಸಿದರು. ಅದನ್ನು ಬಳಸಬೇಕಿದ್ದ ಗಾಳಿ ಯೋಜನೆ ಮಾತ್ರ ಬಿದ್ದೇ ಹೋಯಿತು. ಜನರ ತೆರಿಗೆ ಹಣದ ಧಕ್ಕೆ ವರ್ಷಗಟ್ಟಲೆ ಬೇರೆ ಸರಕಿಗೆ ಬಳಕೆಯಾಯಿತು. ಗಾಳಿಯಂತ್ರದ ಭಾಗಗಳು ಬಂದದ್ದು 2023ರಲ್ಲಿ, ಇನ್ನೊಂದು ಯೋಜನೆಗೆ. ಆ ಯೋಜನೆಯವರು ಮೀನುಗಾರರ ಜತೆ ಕೂತು ಪರಿಹಾರ ನಿಧಿ ಇಡಬೇಕಾಯಿತು. ಯಾಕೆಂದರೆ ಅಲ್ಲಿಯ ಮೀನುಗಾರರಿಗೆ ಸಂಘವಿತ್ತು, ವಕೀಲರಿದ್ದರು, ಯಾವ ನೀರಿನಲ್ಲಿ ಎಷ್ಟು ಹಿಡಿದೆವು ಎಂಬ ಲೆಕ್ಕವಿತ್ತು. ಅಷ್ಟಾದರೂ 2024ರ ಜುಲೈನಲ್ಲಿ ಒಂದು ರೆಕ್ಕೆ ಮುರಿದು ಅದರ ನೊರೆ, ನಾರಿನ ಚೂರುಗಳು ನಾನ್‌ಟಕೆಟ್ ದ್ವೀಪದ ದಂಡೆಗೆ ಬಂದು ಬಿದ್ದವು, ದಂಡೆ ಮುಚ್ಚಿದರು.

ನ್ಯೂ ಬೆಡ್‌ಫರ್ಡ್‌ನಿಂದ ಎರಡು ಪಾಠ ತೆಗೆಯಬಹುದು. ಎರಡನೆಯದು ನಮಗೆ ಹೆಚ್ಚು ಮುಖ್ಯ. ಲೆಕ್ಕ ಇದ್ದವರಿಗೆ ಪರಿಹಾರ ಸಿಗುತ್ತದೆ ಎಂಬುದು ಒಂದು. ಗಾಳಿಗೆಂದು ಕಟ್ಟಿದ ಧಕ್ಕೆಗೆ ಗಾಳಿಯೇ ಬರದಿರಬಹುದು ಎಂಬುದು ಇನ್ನೊಂದು. ಹಾಗಾದಾಗ ಆ ಧಕ್ಕೆಗೆ ಏನು ಬರುತ್ತದೆ? ನಮ್ಮ ದೇಶದಲ್ಲಾದರೆ ಕಲ್ಲಿದ್ದಲು, ಅದಿರು. ಹಸಿರಿನ ಹೆಸರಲ್ಲಿ ಜಾಗ ಬಿಡಿಸಿಕೊಂಡು ಕೊನೆಗೆ ಕಪ್ಪು ಧೂಳು ಇಳಿಸುವ ಬಂದರನ್ನು ತಡೆಯುವ ಒಂದು ಷರತ್ತು ಒಪ್ಪಂದದಲ್ಲಿ ಇದೆಯೇ? 2018ರಲ್ಲಿ ಕರೆದ ಯೋಜನೆಯ ಯಂತ್ರ ಇವತ್ತಿಗೂ ಎದ್ದಿಲ್ಲ ಎಂದ ಮೇಲೆ ಈ ಅನುಮಾನಕ್ಕೆ ನಮ್ಮನ್ನು ಬೈಯಬಾರದು.

ಕರ್ನಾಟಕದ ಕಡಲಲ್ಲಿ ಗಾಳಿಯಂತ್ರದ ವಲಯ ಗುರುತು ಮಾಡಿಲ್ಲವಲ್ಲ, ನಿಮಗ್ಯಾಕೆ ಉಸಾಬರಿ ಎಂದು ಕೆಲವರು ಕೇಳಬಹುದು. ಹೌದು, ಆದ್ಯತೆಯ ವಲಯಗಳು ಗುಜರಾತ್ ಮತ್ತು ತಮಿಳುನಾಡಿನಲ್ಲಿವೆ. ಆದರೆ ಬಂದರಿನ ನಕ್ಷೆ ಕೈಗೆ ಬಂದ ದಿನ ಊರಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾದ ಕಡಲಂಚಿನ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ಪರಿಹಾರದ ಲೆಕ್ಕ ದಶಕಗಳ ಕಾಲ ಕೋರ್ಟಿನಲ್ಲಿ ಓಡಾಡಿತು. ದೇಶದ ರಕ್ಷಣೆ ಎಂದರು, ಜನ ಒಪ್ಪಿದರು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗೆ ಟಾಗೋರ್ ಕಡಲತೀರದ ಬದಿಗೆ ಅಲೆ ತಡೆಗೋಡೆ ಶುರುವಾದಾಗ ಮೀನುಗಾರರು ಬೀದಿಗಿಳಿದರು. ಉಳಿದದ್ದು ಆ ಒಂದು ದಂಡೆ ಮಾತ್ರ ಎಂಬುದು ಅವರ ಮಾತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಒಣಮೀನು ಮಾಡುವ ಹೆಂಗಸರು, ಮೊಟ್ಟೆಯಿಡಲು ಬರುವ ಕಡಲಾಮೆ, ಖಾಸಗಿ ಬಂದರಿನ ರಸ್ತೆ ಮೂರೂ ಒಂದೇ ಮರಳಿನ ಪಟ್ಟಿಗೆ ಬಂದು ನಿಂತಿವೆ. ಅಂಕೋಲಾದ ಕೇಣಿಯಲ್ಲೂ ಬಂದರು ಬೇಡ ಎಂಬ ಕೂಗು ಎದ್ದಿದೆ.

ಇವುಗಳಲ್ಲಿ ಒಂದೂ ಗಾಳಿಯ ಬಂದರಲ್ಲ. ಆದರೂ ದಾರಿ ಒಂದೇ. ರಕ್ಷಣೆ, ಅಭಿವೃದ್ಧಿ, ಈಗ ಹಸಿರು. ಪ್ರತಿ ಸಲವೂ ಒಂದು ದೊಡ್ಡ ಮಾತು ಮುಂದೆ ಬರುತ್ತದೆ, ಅದರ ಎದುರು ಬಲೆಯ ಮಾತು ಸಣ್ಣದಾಗಿ ಕೇಳಿಸುತ್ತದೆ.

ನಮ್ಮಲ್ಲಿ ಕೆಲವರು ಕೆಲವು ವರ್ಷದ ಹಿಂದೆ ಒಂದು ಬಂದರು ಯೋಜನೆಯ ಅಹವಾಲು ಸಭೆಗೆ ವರದಿಗೆಂದು ಹೋಗಿದ್ದೆವು. ಊರು ಯಾವುದು, ಕಂಪನಿ ಯಾವುದು ಎಂಬುದು ಇಲ್ಲಿ ಬೇಡ. ಪೆಂಡಾಲು, ನೀರಿನ ಬಾಟಲಿ, ಪರದೆಯ ಮೇಲೆ ಬಣ್ಣದ ನಕ್ಷೆ. ಕನ್ನಡದ ಸಾರಾಂಶ ಹಂಚಿದರು. ‘ಉಪಶಮನ ಕ್ರಮಗಳು’ ಎಂಬ ಪದವನ್ನು ನಾವೇ ಎರಡು ಸಲ ಓದಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ವಯಸ್ಸಾದ ಹೆಂಗಸು ಎದ್ದು ಬಂದು ಮೈಕಿನ ಮುಂದೆ ನಿಂತರು. ಭಾಷಣವೇನೂ ಮಾಡಲಿಲ್ಲ. “ನಾವ್ ಮೀನ್ ಒಣಗ್ಸೂ ಜಾಗ ಇದ್ರಲ್ಲಿ ಎಲ್ಲಿ ಬತ್ತದ್ರಾ ಸಾಹೇಬ್ರೆ?” ಎಂದು ಕೇಳಿದರು. ಕೋಲು ಹಿಡಿದು ನಕ್ಷೆ ತೋರಿಸುತ್ತಿದ್ದ ಯುವಕ ಅದರಲ್ಲಿ ಹುಡುಕಿದ. ಆಮೇಲೆ ವೇದಿಕೆಯಿಂದ ಉತ್ತರ ಬಂತು: “ಅಮ್ಮಾ, ಅದು ಯಾರ ಹೆಸರಿಗೂ ಇಲ್ಲ, ಸರ್ಕಾರಿ ಜಾಗ.”

ಮರುದಿನ ನಮ್ಮ ವರದಿಗಳಲ್ಲಿ ಉದ್ಯೋಗ ಎಷ್ಟು ಬರಲಿದೆ ಎಂಬುದಕ್ಕೆ ಮೂರು ಕಾಲಂ ಸಿಕ್ಕಿತು. ಆ ಅಮ್ಮನ ಪ್ರಶ್ನೆ ‘ಸ್ಥಳೀಯರು ಆತಂಕ ವ್ಯಕ್ತಪಡಿಸಿದರು’ ಎಂಬ ಮೂರು ಪದವಾಯಿತು.

ಇಡೀ ವಿಷಯದ ಬುಡ ಅಲ್ಲೇ ಇದೆ. ಹೊಲಕ್ಕೆ ಪಹಣಿ ಇದೆ. ಕಡಲಿಗೆ ಪಹಣಿ ಇಲ್ಲ, ಮರಳಿಗೂ ಇಲ್ಲ. ತಲೆಮಾರುಗಳಿಂದ ದೋಣಿ ಎಳೆದ ಜಾಗ ಕಾಗದದಲ್ಲಿ ಖಾಲಿ ಜಾಗ. ಗಾಳಿಯಂತ್ರದ ಕಂಪನಿಗೆ ಮಾತ್ರ ಕಾಗದ ಸಿಗುತ್ತದೆ. 2023ರ ಗುತ್ತಿಗೆ ನಿಯಮದಂತೆ ಕಡಲ ತಳವನ್ನು 35 ವರ್ಷಕ್ಕೆ ಕೊಡಬಹುದು. ಮೀನುಗಾರನ ಮಗ ಅಜ್ಜನಾಗುವಷ್ಟು ಕಾಲ. ಇದರ ಜತೆಗೆ ಇಲಾಖೆಗಳ ಹಂಚಿಕೆ ನೋಡಿ: ಗಾಳಿಯ ಗುತ್ತಿಗೆ ಕೇಂದ್ರದ ಒಂದು ಸಚಿವಾಲಯದ್ದು, ದೊಡ್ಡ ಬಂದರು ಇನ್ನೊಂದರದ್ದು, ದಡದ ಹತ್ತಿರದ ಮೀನುಗಾರಿಕೆ ರಾಜ್ಯದ್ದು. ಯಂತ್ರದವರನ್ನು ಕೇಳಿದರೆ ಬಂದರಿನವರನ್ನು ಕೇಳಿ ಎನ್ನುತ್ತಾರೆ, ಬಂದರಿನವರು ಮೀನುಗಾರಿಕೆ ಇಲಾಖೆಯ ಕಡೆ ಬೆರಳು ತೋರಿಸುತ್ತಾರೆ. ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಸಾಹೇಬರು ಫೀಲ್ಡಿಗೆ ಹೋಗಿರುತ್ತಾರೆ.

ಉದ್ಯೋಗದ ಮಾತನ್ನೂ ಬಿಡಿಸಿ ನೋಡಬೇಕು, ಯಾಕೆಂದರೆ ಊರಿನ ಹುಡುಗರನ್ನು ಒಡೆಯುವುದು ಇದೇ ಮಾತು. ಕಡಲ ಗಾಳಿಗೆ ಎರಡು ಬಗೆಯ ಬಂದರು ಬೇಕು. ಒಂದು ದೊಡ್ಡದು, ಯಂತ್ರ ಜೋಡಿಸಿ ಒಯ್ಯುವ ಬಂದರು. ಅಲ್ಲಿ ಕೆಲಸ ಜೋರು, ಆದರೆ ಒಂದು ಯೋಜನೆಗೆ ಎರಡು ಮೂರು ವರ್ಷ. ಕ್ರೇನ್ ಓಡಿಸುವವರು, ಹಡಗಿನವರು ಹೊರಗಿನಿಂದ ಬಂದು ಮುಗಿಸಿ ಹೋಗುತ್ತಾರೆ. ಇನ್ನೊಂದು ಸಣ್ಣದು, ಯಂತ್ರ ನೋಡಿಕೊಳ್ಳುವ ಬಂದರು. ದಿನಾ ಬೆಳಿಗ್ಗೆ ಬೋಟಿನಲ್ಲಿ ಹೋಗಿ ಸಂಜೆ ಬರುವ ಕೆಲಸ, 25 ವರ್ಷ ನಡೆಯುವ ಕೆಲಸ. ಕಡಲು ಬಲ್ಲ ನಮ್ಮ ಹುಡುಗರಿಗೆ ಹೊಂದುವುದು ಇದು. ಬ್ರಿಟನ್ನಿನಲ್ಲಿ ಕೆಲಸ ನಡೆಯುವ ಜಾಗ ಕಾಯಲು ಮೀನುಗಾರರ ಬೋಟುಗಳನ್ನೇ ಬಾಡಿಗೆಗೆ ಹಿಡಿಯುತ್ತಾರೆ. ಹಾಗಿರುವಾಗ ದೊಡ್ಡ ಬಂದರಿನ ಫೋಟೋ ತೋರಿಸಿ ಸಾವಿರಾರು ಉದ್ಯೋಗ ಎಂದರೆ ಸಾಲದು. ಯಾವ ಬಂದರಿನ ಉದ್ಯೋಗ, ಎಷ್ಟು ವರ್ಷದ್ದು, ತರಬೇತಿ ಯಾವ ಊರಿನ ಐಟಿಐಯಲ್ಲಿ, ಅದರಲ್ಲಿ ಮೀನುಗಾರರ ಮಕ್ಕಳಿಗೆ ಎಷ್ಟು ಸೀಟು ಎಂದು ಬರವಣಿಗೆಯಲ್ಲಿ ಕೇಳಬೇಕು. ತೂತ್ತುಕುಡಿಯವರು ಕೇಳಬೇಕು, ಜಾಫ್ರಾಬಾದಿನವರು ಕೇಳಬೇಕು. ಟೊಂಕದಲ್ಲಿ, ಕೇಣಿಯಲ್ಲಿ ಯಾವುದೇ ಬಂದರಿನ ಮಾತು ಬಂದರೂ ಇದೇ ರೀತಿ ಕೇಳಬೇಕು.

ಕಡಲಿನಿಂದ ಗಾಳಿ ಎತ್ತುವವರಿಗೆ ನಾವು ಹೇಳುವುದು ಇಷ್ಟು. ಬಂದರಿನ ಮೊದಲ ನಕ್ಷೆ ಎಳೆಯುವ ದಿನವೇ ಅದರ ಮೇಲೆ ದೋಣಿ ದಾರಿ, ಬಲೆ ಬಿಡುವ ನೀರು, ಮೀನು ಇಳಿಸುವ ಧಕ್ಕೆ, ಒಣಗಿಸುವ ಮರಳು ಎಲ್ಲವನ್ನೂ ಎಳೆಯಿರಿ. ಅವುಗಳನ್ನು ಎಳೆಯಬಲ್ಲವರು ಎಂಜಿನಿಯರ್ ಅಲ್ಲ, ಊರಿನವರು. ಯಾವ ತಿಂಗಳು ಯಾವ ಮೀನು ಯಾವ ನೀರಿನಲ್ಲಿ ಎಂದು ತಾರ್ಲೆ, ಬಂಗಡೆ ಹಿಡಿಯುವ ತಂಡೇಲರಿಗೆ ಬಾಯಿಪಾಠ. ಕೇಬಲ್ಲಿನ ದಾರಿ ಆಮೇಲೆ ಬರಲಿ. ಈಗ ನಡೆಯುವುದು ಉಲ್ಟಾ: ಕೇಬಲ್ಲು, ಧಕ್ಕೆ, ಗೋಡೆ ಎಲ್ಲ ಮುಗಿದ ಮೇಲೆ ಉಳಿದ ಬಿಳಿ ಜಾಗದಲ್ಲಿ ಮೀನುಗಾರರನ್ನು ಕೂರಿಸುತ್ತಾರೆ. ಬಿಳಿ ಜಾಗ ಉಳಿಯದಿದ್ದರೆ ಪರಿಹಾರ ಎನ್ನುತ್ತಾರೆ. ಪರಿಹಾರವೂ ಬೋಟಿನ ಮಾಲೀಕನಿಗೆ. ಬುಟ್ಟಿ ಹೊರುವವಳಿಗೆ, ಐಸ್ ಒಡೆಯುವವನಿಗೆ, ಒಣಮೀನು ಮಾರಲು ಘಟ್ಟದ ಮೇಲಿನ ಸಂತೆಗೆ ಬಸ್ಸು ಹತ್ತುವವಳಿಗೆ ಯಾವ ಪಟ್ಟಿಯಲ್ಲೂ ಹೆಸರಿಲ್ಲ.

ಈಗ ಓದುಗರಿಗೆ. ದೊಡ್ಡ ಬಂದರಿನ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಎಂಬುದೊಂದಿದೆ. ಅದರ ಕೆಲವು ನಿಯಮ ನೆನಪಿಟ್ಟುಕೊಳ್ಳಿ. ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಜಿಲ್ಲಾಧಿಕಾರಿ ಇಲ್ಲವೇ ಹೆಚ್ಚುವರಿ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಇಡೀ ಸಭೆಯ ವಿಡಿಯೋ ಆಗಬೇಕು. ಯಾರು ಏನು ಹೇಳಿದರು ಎಂಬ ನಡಾವಳಿಯನ್ನು ಪಂಚಾಯ್ತಿ ಕಚೇರಿಯಲ್ಲಿ ಹಚ್ಚಬೇಕು. ಒಂದು ಎಚ್ಚರಿಕೆಯೂ ಇದೆ: ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ನೀವು ಸಿಟ್ಟಿನಿಂದ ಹೊರಗೆ ನಿಂತರೂ ಒಳಗೆ ಸಭೆ ಮುಗಿಯಬಹುದು. ಹೊರಗೆ ಕೂಗುವವರು ಕೂಗಲಿ, ಒಳಗೆ ಹತ್ತು ಜನ ಬರೆದು ಕೊಡಲಿ. ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲೂ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಅದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಊರಿನ ದಂಡೆಯ ನಕ್ಷೆಯನ್ನು ನೀವೇ ಮಾಡಿ. ಮೊಬೈಲಿನಲ್ಲಿ ಲೊಕೇಶನ್ ಹಾಕಿಕೊಂಡು ದೋಣಿ ಎಳೆಯುವ ಜಾಗ, ಬಲೆ ಹರಡುವ ಜಾಗ, ಮೀನು ಒಣಗಿಸುವ ಚಪ್ಪರ, ಆಮೆ ಮೊಟ್ಟೆ ಸಿಗುವ ಕಡೆ ಎಲ್ಲದರ ಫೋಟೋ ತೆಗೆಯಿರಿ, ತಾರೀಖು ಸಹಿತ. ಮೀನುಗಾರರ ಸೊಸೈಟಿಯಲ್ಲಿ ಪ್ರತಿ ದಿನ ಎಷ್ಟು ಬುಟ್ಟಿ ಇಳಿಯಿತು ಎಂದು ಒಂದು ವಹಿ ಇಡಿ. ಗ್ರಾಮಸಭೆಯಲ್ಲಿ ಅದನ್ನು ಓದಿಸಿ ನಡಾವಳಿಗೆ ಸೇರಿಸಿ. ನ್ಯೂ ಬೆಡ್‌ಫರ್ಡ್‌ನವರ ಹತ್ತಿರ ಇದ್ದದ್ದು ಇಂಥದೇ ಲೆಕ್ಕ.

ನಾವೂ ಒಂದು ಮಾತು ಕೊಡುತ್ತೇವೆ. ಬಂದರು, ಕಡಲ ಗಾಳಿ, ಕೇಬಲ್ಲು, ಹೂಳೆತ್ತುವುದು ಯಾವುದೇ ನೋಟಿಸ್ ನಿಮ್ಮ ಪಂಚಾಯ್ತಿಯ ಗೋಡೆಗೆ ಬಂದರೆ ಎರಡೂ ಪುಟದ ಫೋಟೋ ತೆಗೆದು ನಮಗೆ ಕಳಿಸಿ. ಇಂಗ್ಲಿಷಿನಲ್ಲಿದ್ದರೆ ಎರಡು ದಿನದಲ್ಲಿ ಅರ್ಥವಾಗುವ ಕನ್ನಡದಲ್ಲಿ ಇಲ್ಲೇ ಹಾಕುತ್ತೇವೆ, ಸಭೆಯ ದಿನ ನಮ್ಮಲ್ಲೊಬ್ಬರು ಬರುತ್ತೇವೆ. ಬಂದವರು ಈ ಸಲ ಮೊದಲು ಹೋಗುವುದು ಪೆಂಡಾಲಿನ ಹಿಂದಿನ ಸಾಲಿಗೆ.